ಹೈದರಾಬಾದ್ ಕಾನ್ಫರೆನ್ಸ್: ಶುಕ್ರವಾರ ಮಧ್ಯಾಹ್ನ + ಶನಿವಾರ ಬಿಡುವು, ಯಾವುದನ್ನು ಯಾವ ಕ್ರಮದಲ್ಲಿ ನೋಡೋದು?

ತುಂಗಾತೀರ
ಮಾದಾಪುರದ ಎಚ್‌ಐಸಿಸಿ ಸಭಾಕೇಂದ್ರದಲ್ಲಿ ಬುಧವಾರದಿಂದ ಶುಕ್ರವಾರದವರೆಗೆ ಕಾನ್ಫರೆನ್ಸ್. ಶುಕ್ರವಾರ ಮಧ್ಯಾಹ್ನ 1ಕ್ಕೆ ಕೊನೆಯ ಗೋಷ್ಠಿ ಮುಗಿಯುತ್ತೆ. ಶನಿವಾರ ಸಂಜೆ 7ರ ಸುಮಾರಿಗೆ ಕಾಚಿಗೂಡದಿಂದ ರೈಲು. ಸದ್ಯದ ಲೆಕ್ಕ ಹೀಗಿದೆ: ಶುಕ್ರವಾರ ಮಧ್ಯಾಹ್ನ ಸಾಲಾರ್ ಜಂಗ್ ಮ್ಯೂಸಿಯಂ, ಚಾರ್ಮಿನಾರ್. ಶನಿವಾರ ಗೋಲ್ಕೊಂಡ, ಕುತುಬ್ ಶಾಹಿ ಗುಂಬಜ್‌ಗಳು (ಗೋಲ್ಕೊಂಡ ಸುಲ್ತಾನರ ಸಮಾಧಿಗಳು), ಚೌಮಹಲ್ಲಾ ಅರಮನೆ.

ನಾವು ಮೂರು ಜನ. ಒಬ್ಬರಿಗೆ ಮೊಣಕಾಲು ನೋವು, ಒಬ್ಬರದ್ದು ಅಮೆರಿಕದ ಪಾಸ್‌ಪೋರ್ಟ್, ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡೋದು) ಇದೆ. ಸಂಘಟಕರು ಶುಕ್ರವಾರ 2 ಗಂಟೆಗೆ "ಸಿಟಿ ಟೂರ್" ಬಸ್ ಬಿಡ್ತಾರಂತೆ. ಅದರಲ್ಲಿ ಹೋಗೋದೋ, ನಾವೇ ಹೋಗೋದೋ? ಈ ಪ್ಲಾನ್ ನಡೆಯುತ್ತಾ?

ಚಾರ್‌ಕಮಾನ್
ನಡೆಯಲ್ಲ. ಸಾಲಾರ್ ಜಂಗ್‌ಗೆ ಶುಕ್ರವಾರ ರಜೆ.

ಚಾರ್‌ಕಮಾನ್
ಪೂರ್ತಿ ಹೇಳ್ತೀನಿ. ಬೆಂಗಳೂರು, ದೆಹಲಿ ಕಡೆ ಮ್ಯೂಸಿಯಂ ಅಂದ್ರೆ ಸೋಮವಾರ ಬಾಗಿಲು ಹಾಕೋದು ರೂಢಿ. ಹೈದರಾಬಾದಿನಲ್ಲಿ ಅದು ಶುಕ್ರವಾರ. ಸಾಲಾರ್ ಜಂಗ್, ಚೌಮಹಲ್ಲಾ, ಪುರಾನಿ ಹವೇಲಿಯ ನಿಜಾಮ್ ಮ್ಯೂಸಿಯಂ, ಪಬ್ಲಿಕ್ ಗಾರ್ಡನ್ಸ್‌ನ ರಾಜ್ಯ ಮ್ಯೂಸಿಯಂ, ನಾಲ್ಕೂ ಶುಕ್ರವಾರ ಮುಚ್ಚಿರುತ್ತವೆ. ಕಾನ್ಫರೆನ್ಸ್‌ಗಳು ಹೆಚ್ಚಾಗಿ ಶುಕ್ರವಾರಕ್ಕೇ ಮುಗಿಯೋದರಿಂದ ಹೊರಗಿನಿಂದ ಬಂದವರು ಬ್ಯಾಗ್ ಹೊತ್ತುಕೊಂಡು ಗೇಟಿನ ತನಕ ಹೋಗಿ ವಾಪಸ್ ಆಗ್ತಾರೆ.

ಶುಕ್ರವಾರವೂ ತೆರೆದಿರೋದು ಪುರಾತತ್ವ ಇಲಾಖೆಯ ಕೈಯಲ್ಲಿರೋ ಗೋಲ್ಕೊಂಡ ಮತ್ತು ಚಾರ್ಮಿನಾರ್. ನಿಮ್ಮ ಪ್ಲಾನನ್ನ ತಿರುಗಿಸಿ ಹಾಕಿ. ಶುಕ್ರವಾರ ಗೋಲ್ಕೊಂಡ, ಶನಿವಾರ ಹಳೇ ಊರು.

ಮೆಟ್ರೊಮಂಜ
+1. ಭೂಗೋಳವೂ ಅದನ್ನೇ ಹೇಳುತ್ತೆ. ಎಚ್‌ಐಸಿಸಿ ಇರೋದು ಊರಿನ ಪಶ್ಚಿಮಕ್ಕೆ, ಗೋಲ್ಕೊಂಡವೂ ಪಶ್ಚಿಮಕ್ಕೆ. ನಡುವೆ ಹತ್ತು-ಹನ್ನೆರಡು ಕಿ.ಮೀ. ಅಷ್ಟೇ. ಚಾರ್ಮಿನಾರ್ ಸುಮಾರು 20 ಕಿ.ಮೀ. ದೂರ, ಅದೂ ಊರನ್ನ ಅಡ್ಡಡ್ಡ ಸೀಳಿಕೊಂಡು ಹೋಗಬೇಕು. ಕಾಚಿಗೂಡ ಹಳೇ ಊರಿನ ಪಕ್ಕದಲ್ಲೇ. ಶನಿವಾರ ಹಳೇ ಊರಲ್ಲಿದ್ದರೆ ರೈಲಿಗೆ ಓಡೋ ತಾಪತ್ರಯ ಇಲ್ಲ.

ಕಲ್ಲುಹೂವು
ಬಸ್ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ಕಾನ್ಫರೆನ್ಸ್ ಬಸ್ಸಿನ ಗಣಿತ ಹೀಗಿರುತ್ತೆ. 2ಕ್ಕೆ ಅಂದರೆ 2.40ಕ್ಕೆ ಹೊರಡುತ್ತೆ, ಯಾರೋ ಒಬ್ಬರು ಸರ್ಟಿಫಿಕೇಟ್ ಇಸ್ಕೊಳ್ತಾ ನಿಂತಿರ್ತಾರೆ. ಚಾರ್ಮಿನಾರ್ ಕಡೆ ಒಂದೂವರೆ ಗಂಟೆ ದಾರಿ. ಅಲ್ಲಿ 40 ನಿಮಿಷ ಕೊಡ್ತಾರೆ. ಆಮೇಲೆ ಒಂದು ಮುತ್ತಿನ ಅಂಗಡಿ, ಅಲ್ಲಿ ಮಾತ್ರ ಒಂದು ಗಂಟೆ. ಇಲ್ಲೊಂದು ಮಜಾ ಏನಂದ್ರೆ, ಶುಕ್ರವಾರದ ಟೂರ್ ಪಟ್ಟಿಯಲ್ಲಿ ಸಾಲಾರ್ ಜಂಗ್ ಹೆಸರಿದ್ದರೆ ಅದನ್ನ ಬರೆದವರು ಕ್ಯಾಲೆಂಡರ್ ನೋಡಿಲ್ಲ ಅಂತಲೇ ಅರ್ಥ. ಪಟ್ಟಿ ಕೇಳಿ ನೋಡಿ.

ತುಂಗಾತೀರ
ಪಟ್ಟಿ ನೋಡಿದೆ. ಸಾಲಾರ್ ಜಂಗ್ ಇದೆ. 😐

ಗೋಲಿಬಜೆ
ಹ್ಹಹ್ಹ! ಮಾರಾಯ್ರೇ, ಮೊದಲು ಸಂಘಟಕರಿಗೆ ಒಂದು ಮಾತು ಹೇಳಿ, ಉಳಿದವರಾದ್ರೂ ಬದುಕಲಿ.

ಹೈದ್ರಾಬಾದಿ_ಕನ್ನಡಿಗ
ಗೋಲ್ಕೊಂಡಕ್ಕೆ ಶುಕ್ರವಾರ ಹೋಗೋದಾದರೆ ವೇಳೆಯ ಲೆಕ್ಕ ಸರಿಯಾಗಿ ಇಟ್ಟುಕೊಳ್ಳಿ.

1 ಗಂಟೆಗೆ ಗೋಷ್ಠಿ ಮುಗಿದ ಮೇಲೆ ಊಟದ ಸಾಲಿನಲ್ಲಿ ಮಾತಾಡ್ತಾ ನಿಂತರೆ 2.30 ಆಗಿಬಿಡುತ್ತೆ. ಬಿಸಿಲಿನ ಕಾಲವಾದರೆ ಸ್ವಲ್ಪ ತಡವಾದರೂ ತೊಂದರೆ ಇಲ್ಲ, 3 ಗಂಟೆಗೆ ಹೋದರೂ ಮೆಟ್ಟಿಲ ಕಲ್ಲು ಇನ್ನೂ ಕಾದೇ ಇರುತ್ತೆ. ಚಳಿಗಾಲವಾದರೆ 3ಕ್ಕೆ ಒಳಗಿರಲೇಬೇಕು, ಯಾಕಂದ್ರೆ 5.30ಕ್ಕೆ ಮುಚ್ಚೋ ಹೊತ್ತಾಗುತ್ತೆ, ಮೇಲಿನಿಂದ ಸೀಟಿ ಊದಿಕೊಂಡು ಜನರನ್ನ ಇಳಿಸ್ತಾರೆ. ಗುಡ್ಡ ಹತ್ತಿ ಇಳಿಯೋಕೆ ಎರಡು ಗಂಟೆ ಬೇಕು. ಮೆಟ್ಟಿಲು ಸುಮಾರು 360. ಒಂದೇ ಎತ್ತರದವಲ್ಲ. ಕೆಲವು ಗೇಣುದ್ದ, ಕೆಲವು ಮೊಣಕಾಲಿನಷ್ಟು. ಚರ್ಮದ ಅಡಿಯ ಕಾನ್ಫರೆನ್ಸ್ ಬೂಟು ಇಳಿಯುವಾಗ ಜಾರುತ್ತೆ, ಕಲ್ಲು ಸವೆದು ಗಾಜಿನ ಹಾಗಾಗಿದೆ. ನೀರು ಕೆಳಗೇ ತಗೊಂಡು ಹೋಗಿ, ತಲಾ ಒಂದು ಲೀಟರ್.

ಮೊಣಕಾಲು ನೋವಿನವರು ಮೇಲೆ ಹತ್ತೋದು ಬೇಡ. ಆದರೆ ಅವರಿಗೆ ನಷ್ಟ ಅಂತ ತಿಳ್ಕೊಬೇಡಿ. ಬಾಲಾ ಹಿಸ್ಸಾರ್ ದರ್ವಾಜಾ, ಸಿಲಾಹ್ ಖಾನಾ ಅನ್ನೋ ಆಯುಧದ ಕಟ್ಟಡ, ನಗೀನಾ ಬಾಗ್, ಅಕ್ಕಣ್ಣ-ಮಾದಣ್ಣರ ಕಚೇರಿ, ರಾಣಿ ಮಹಲು, ಎಲ್ಲ ಕೆಳಗಿನ ಮಟ್ಟದಲ್ಲೇ ಇವೆ. ಅಷ್ಟಕ್ಕೇ ಒಂದು ಗಂಟೆ ಆರಾಮಾಗಿ ಹಿಡಿಯುತ್ತೆ. ಅಂಬರ್ ಖಾನಾ ಅನ್ನೋ ಉಗ್ರಾಣ, ರಾಮದಾಸರ ಸೆರೆಮನೆ, ಮಹಂಕಾಳಿ ಗುಡಿ, ತುದಿಯ ಬಾರಾದರಿ ಮಂಟಪ, ಇವಿಷ್ಟು ಮೇಲಿನವು.

ಗೋಲಿಬಜೆ
ಫತೇ ದರ್ವಾಜಾದಲ್ಲಿ ಚಪ್ಪಾಳೆ ಹೊಡೆದರೆ ಒಂದು ಕಿ.ಮೀ. ದೂರದ ಗುಡ್ಡದ ತುದಿಗೆ ಕೇಳುತ್ತೆ ಅಂತಾರಲ್ಲ, ಅದನ್ನ ಮರೀಬೇಡಿ.

ಚಾರ್‌ಕಮಾನ್
ಇದನ್ನ ಎಲ್ಲರೂ ತಪ್ಪೇ ಬರೀತಾರೆ. ಫತೇ ದರ್ವಾಜಾ ಹೊರಕೋಟೆಯ ಬಾಗಿಲು. ಆಟೊ, ಬಸ್ಸೆಲ್ಲ ಅದರೊಳಗಿಂದಲೇ ನುಗ್ಗಿ ಹೋಗುತ್ತವೆ, ಅಲ್ಲಿ ಚಪ್ಪಾಳೆ ಹೊಡೆದರೆ ಹಿಂದಿನ ಆಟೊದವ ಹಾರ್ನ್ ಹೊಡೀತಾನೆ. ನೀವು ಟಿಕೆಟ್ ತಗೊಂಡು ಒಳಗೆ ಕಾಲಿಡೋದು ಬಾಲಾ ಹಿಸ್ಸಾರ್ ದರ್ವಾಜಾ. ಅದನ್ನ ದಾಟಿದ ತಕ್ಷಣ ಸಿಗೋ ಕಮಾನಿನ ಮಂಟಪ ಇದೆಯಲ್ಲ, ಅದರ ಗುಮ್ಮಟದ ನಟ್ಟನಡುವೆ ನಿಂತು ಹೊಡೆಯಬೇಕು. ಒಂದು ಹೆಜ್ಜೆ ಆಚೆ ನಿಂತರೂ ಸದ್ದು ಹೋಗಲ್ಲ. ಗುಮ್ಮಟದ ಒಳಮೈಯ ಪಟ್ಟೆಗಳು ಸದ್ದನ್ನ ಒಟ್ಟುಗೂಡಿಸಿ ಎದುರಿನ ಕಮಾನಿನ ಮೂಲಕ ಮೇಲಕ್ಕೆ ಕಳಿಸುತ್ತವೆ.

ನಿಮ್ಮಲ್ಲಿ ಒಬ್ಬರು ಹೇಗೂ ಕೆಳಗೇ ಉಳೀತಾರೆ. ಫೋನ್‌ನಲ್ಲಿ ಹೊತ್ತು ಹೇಳಿಕೊಂಡು ಅವರು ಹೊಡೀಲಿ, ನೀವು ಬಾರಾದರಿಯಿಂದ ಕೇಳಿ. ಮಧ್ಯಾಹ್ನ ಮೂರರಿಂದ ನಾಲ್ಕರೊಳಗೆ ಐವತ್ತು ಜನ ಒಟ್ಟಿಗೆ ಹೊಡೀತಾ ಇರ್ತಾರೆ, ಯಾರದ್ದು ಯಾವುದು ಗೊತ್ತಾಗಲ್ಲ. ಎರಡು ನಿಮಿಷ ಬಿಡುವು ಸಿಗೋವರೆಗೆ ಕಾಯಿರಿ.

ವಜ್ರಮುನಿ_ಅಲ್ಲ
ಕೊಹಿನೂರ್ ಸಿಕ್ಕಿದ ಗಣಿ ಕೋಟೆಯೊಳಗೇ ಇದೆಯಾ, ಅದನ್ನ ನೋಡೋಕೆ ಬಿಡ್ತಾರಾ?

ಕಲ್ಲುಹೂವು
ಕೋಟೆಯಲ್ಲಿ ಗಣಿ ಇಲ್ಲ, ಯಾವತ್ತೂ ಇರಲಿಲ್ಲ. ಗಣಿ ಇದ್ದದ್ದು ಕೃಷ್ಣಾ ನದಿ ದಂಡೆಯ ಕೊಲ್ಲೂರು ಕಡೆ, ಈಗಿನ ಆಂಧ್ರದಲ್ಲಿ. ಆ ಸೀಮೆ ಗೋಲ್ಕೊಂಡ ಸುಲ್ತಾನರ ಆಳ್ವಿಕೆಯಲ್ಲಿತ್ತು, ವ್ಯಾಪಾರ ಕೋಟೆಯ ಆಚೆಯ ಕಾರ್ವಾನ್ ಪೇಟೆಯಲ್ಲಿ ನಡೀತಿತ್ತು. ಅದಕ್ಕೇ "ಗೋಲ್ಕೊಂಡ ವಜ್ರ" ಅಂತ ಹೆಸರು ಬಂತು. ಕೊಹಿನೂರ್ ಕೊಲ್ಲೂರಿನದು ಅಂತ ಹೇಳೋದುಂಟು. ಗೈಡ್ ಒಬ್ಬರು ನೆಲ ತೋರಿಸಿ "ಇಲ್ಲೇ ಸಿಕ್ಕಿದ್ದು" ಅಂದರೆ ನಕ್ಕು ಮುಂದೆ ಹೋಗಿ.

ವಜ್ರಮುನಿ_ಅಲ್ಲ
ಹಾಗಾದರೆ ಜೇಕಬ್ ವಜ್ರ? ನಿಜಾಮ್ ಮ್ಯೂಸಿಯಂನಲ್ಲಿ ಇರಬೇಕಲ್ಲ?

ಚಾರ್‌ಕಮಾನ್
ಅದೂ ಇಲ್ಲ ಗುರು. 184.75 ಕ್ಯಾರಟ್‌ನ ಆ ವಜ್ರ, ನಿಜಾಮರ ಉಳಿದ ಒಡವೆ, ಎಲ್ಲ ಕೇಂದ್ರ ಸರ್ಕಾರದ್ದು, ರಿಸರ್ವ್ ಬ್ಯಾಂಕಿನ ಕೋಣೆಯಲ್ಲಿವೆ. ಪುರಾನಿ ಹವೇಲಿಯಲ್ಲಿ ಇರೋದು ಏಳನೇ ನಿಜಾಮರ ರಜತ ಮಹೋತ್ಸವಕ್ಕೆ ಬಂದ ಬೆಳ್ಳಿ ಕಾಣಿಕೆಗಳು, ಮತ್ತೆ ಆರನೇ ನಿಜಾಮ ಮಹಬೂಬ್ ಅಲಿಯವರ ಬಟ್ಟೆ ಬೀರು. ಬೀರು ಅಂದೆ, ಆದರೆ 176 ಅಡಿ ಉದ್ದ, ಎರಡು ಅಂತಸ್ತು. ತೊಟ್ಟ ಬಟ್ಟೆ ಮತ್ತೆ ತೊಡ್ತಿರಲಿಲ್ಲ ಅಂತ ಊರ ಮಾತು. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತೆ, ಸಾಲಾರ್ ಜಂಗ್‌ನಿಂದ ನಡೆದು ಹೋಗೋ ದೂರ.

ತುಂಗಾತೀರ
ಒಳ್ಳೇದು, ಶುಕ್ರವಾರ ಗೋಲ್ಕೊಂಡ ಪಕ್ಕಾ. ಆ ದಿನವೇ ಗುಂಬಜ್‌ಗಳನ್ನೂ ಸೇರಿಸಬಹುದಾ? ಕೋಟೆಯಿಂದ ಹತ್ತಿರ ಅಂತ ಕಾಣುತ್ತೆ ಮ್ಯಾಪ್‌ನಲ್ಲಿ.

ಹೈದ್ರಾಬಾದಿ_ಕನ್ನಡಿಗ
ಹತ್ತಿರ ಹೌದು, ಆಟೊದಲ್ಲಿ ಹತ್ತು ನಿಮಿಷ. ಆದರೆ ಎರಡೂ ಸಂಜೆಗೇ ಮುಚ್ಚುತ್ತವೆ, ಹಾಗಾಗಿ ಅರ್ಧ ಮಧ್ಯಾಹ್ನಕ್ಕೆ ಎರಡು ಕೂರಲ್ಲ. ಗುಂಬಜ್ ಆವರಣ ಚಿಕ್ಕದಲ್ಲ. ಬರೀ ಸುಲ್ತಾನರ ಸಮಾಧಿಗಳಲ್ಲ, ಹಮಾಮ್, ಮಸೀದಿ, ಮೆಟ್ಟಿಲುಬಾವಿಗಳೂ ಇವೆ. ಎರಡು ಗಂಟೆ ಇಲ್ಲದೆ ಹೋಗೋದು ವ್ಯರ್ಥ.

ಗುರುವಾರ ಬೆಳಗಿನ ಗೋಷ್ಠಿ ಒಂದನ್ನ ಬಿಟ್ಟರೆ? ಉದ್ಘಾಟನೆ ಬುಧವಾರವೇ ಮುಗಿದಿರುತ್ತಲ್ಲ. ಬೆಳಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್.

ಪೇಪರ್‌ದೊರೆ
ಕಾನ್ಫರೆನ್ಸ್ ದುಡ್ಡಲ್ಲಿ ಬಂದು ಗೋಷ್ಠಿ ಬಿಡಿ ಅಂತ ಬಹಿರಂಗವಾಗಿ ಸಲಹೆ ಕೊಡ್ತಿದ್ದೀರಲ್ಲ ಸರ್. 🙂

ಹೈದ್ರಾಬಾದಿ_ಕನ್ನಡಿಗ
ಒಂದೇ ಒಂದು ಗೋಷ್ಠಿ ಸ್ವಾಮಿ. ಸಮಾನಾಂತರ ಗೋಷ್ಠಿ ಆರು ನಡೀತಿರುತ್ತೆ, ಐದನ್ನ ಹೇಗೂ ಬಿಟ್ಟಿರ್ತಾರೆ.

ಬೀದರಿನವ
ಗುಂಬಜ್ ನೋಡಾಕ ಹೋದ್ರ ಇಷ್ಟು ಗಮನಿಸ್ರಿ. ಎರಡನೇ ಸುಲ್ತಾನ ಜಮ್‌ಷೀದನ ಸಮಾಧಿ ಒಂದೇ ಎಂಟು ಮೂಲಿದು, ಎರಡು ಅಂತಸ್ತಿಂದು. ಉಳಿದವು ಚೌಕ. ಮುಹಮ್ಮದ್ ಕುಲಿ, ಅಂದ್ರ ಚಾರ್ಮಿನಾರ್ ಕಟ್ಟಿಸಿದಾತಂದು, ಎಲ್ಲಕ್ಕಿಂತ ಎತ್ತರ, 42 ಮೀಟರ್ ಐತಿ. ಕಡೇ ಸುಲ್ತಾನ ತಾನಾ ಶಾ ಮಾತ್ರ ಇಲ್ಲಿ ಇಲ್ಲ. 1687ರಾಗ ಔರಂಗಜೇಬ ಎಂಟು ತಿಂಗಳು ಮುತ್ತಿಗಿ ಹಾಕಿ ಕೋಟೆ ತಗೊಂಡು ಆತನ್ನ ದೌಲತಾಬಾದಿನಾಗ ಸೆರೆ ಇಟ್ಟ. ಸತ್ತಿದ್ದೂ ಅಲ್ಲೇ, ಹೂಳಿದ್ದು ಖುಲ್ದಾಬಾದಿನಾಗ.

ಬಡೀ ಬಾವ್ಲಿ ಅನ್ನೂ ದೊಡ್ಡ ಮೆಟ್ಟಿಲುಬಾವಿ ಬಿಡಬ್ಯಾಡ್ರಿ. 2013ರ ಮಳಿಗೆ ಅದರ ಒಂದು ಗ್ವಾಡಿ ಕುಸಿದಿತ್ತು. ಆಗಾ ಖಾನ್ ಟ್ರಸ್ಟಿನವರು ಬಿದ್ದ ಕಲ್ಲು ಎತ್ತಿ ಗಚ್ಚು ಗಾರಿಯೊಳಗ ಮತ್ತ ಕಟ್ಟಿದ್ರು. 2022ರಾಗ ಅಲ್ಲಿನ ಬಾವಿಗಳ ಕೆಲಸಕ್ಕ ಯುನೆಸ್ಕೊ ಪ್ರಶಸ್ತಿ ಬಂತು. ಸಿಮೆಂಟ್ ಬಳದು ಕೆಡಿಸಿದ್ದನ್ನ ಕಿತ್ತು ಸುಣ್ಣದ ಗಾರಿ ಹಾಕಿದ್ದು ಹ್ಯಾಂಗ ಕಾಣ್ತದ ಅಂತ ನೋಡಾಕ ಇದರಕಿಂತ ಚಲೋ ಜಾಗ ಇಲ್ಲ.

ಆದ್ರ ಒಂದು ಮಾತು. ಈ ಕುತುಬ್ ಶಾಹಿಗಳು ಮೊದಲು ನಮ್ಮ ಬೀದರಿನ ಬಹಮನಿಗಳ ಕೈಕೆಳಗಿನ ಸುಬೇದಾರರು. ಗುಂಬಜ್ ನೋಡಬೇಕಂದ್ರ ಅಷ್ಟೂರಿಗೆ ಬರ್ರಿ. ಅಹಮದ್ ಶಾನ ಸಮಾಧಿ ಒಳಗಿನ ಬಣ್ಣದ ಚಿತ್ತಾರ ಹೈದರಾಬಾದಿನಾಗ ಎಲ್ಲೂ ಸಿಗಂಗಿಲ್ಲ.

ಮೆಟ್ರೊಮಂಜ
ಅವರಿಗೆ ಇರೋದೇ ಒಂದೂವರೆ ದಿನ, ನೀವು ಬೀದರಿಗೆ ಕರೀತಿದ್ದೀರಿ ಅಣ್ಣ!

ಬೀದರಿನವ
ಮುಂದಿನ ಕಾನ್ಫರೆನ್ಸಿಗೆ ಬರ್ರಿ ಅಂದೆ.

ನಾಣ್ಯಪ್ರೇಮಿ
ಟಿಕೆಟ್ ವಿಷಯ. ಗೋಲ್ಕೊಂಡ, ಚಾರ್ಮಿನಾರ್ ಎರಡಕ್ಕೂ ಭಾರತೀಯರಿಗೆ ಕೌಂಟರ್‌ನಲ್ಲಿ 25, ಆನ್‌ಲೈನ್ ಆದರೆ 20. ವಿದೇಶಿಯರಿಗೆ 300, ಆನ್‌ಲೈನ್ 250. ಅಮೆರಿಕದ ಪಾಸ್‌ಪೋರ್ಟ್ ಇರೋರು 300 ಕೊಡಬೇಕಾಗುತ್ತೆ.

ಪೇಪರ್‌ದೊರೆ
ಇಲ್ಲ. ಒಸಿಐ ಕಾರ್ಡಿನವರಿಗೆ ಸ್ಮಾರಕ, ಮ್ಯೂಸಿಯಂ, ರಾಷ್ಟ್ರೀಯ ಉದ್ಯಾನಗಳ ಪ್ರವೇಶ ಶುಲ್ಕ ಭಾರತೀಯರ ದರವೇ. ಕೇಂದ್ರ ಗೃಹ ಇಲಾಖೆಯ 2021ರ ಅಧಿಸೂಚನೆಯಲ್ಲಿ ಸ್ಪಷ್ಟವಾಗಿದೆ. ಸಾರ್ಕ್, ಬಿಮ್‌ಸ್ಟೆಕ್ ದೇಶದವರಿಗೂ ಪುರಾತತ್ವ ಇಲಾಖೆಯ ಜಾಗಗಳಲ್ಲಿ ಭಾರತೀಯರ ದರ. ನಿಮ್ಮ ಕಾನ್ಫರೆನ್ಸಿಗೆ ನೇಪಾಳ, ಶ್ರೀಲಂಕಾ, ಬಾಂಗ್ಲಾದ ಪ್ರತಿನಿಧಿಗಳು ಬಂದಿದ್ದರೆ ಅವರಿಗೂ ಹೇಳಿ, ಎಷ್ಟೋ ಜನ ಗೊತ್ತಿಲ್ಲದೆ 300 ಕೊಟ್ಟು ಬರ್ತಾರೆ.

ತಪ್ಪಾಗೋದು ಎಲ್ಲಿ ಅಂದ್ರೆ, ಕಾರ್ಡ್ ಹೋಟೆಲಿನಲ್ಲಿ ಬಿಟ್ಟು ಬಂದಿರ್ತಾರೆ. ಫೋನ್‌ನಲ್ಲಿರೋ ಫೋಟೊ ತೋರಿಸಿದರೆ ಗೇಟಿನವರು ಒಪ್ಪಲೇಬೇಕು ಅಂತಿಲ್ಲ. ಮೂಲ ಕಾರ್ಡ್ ಜೇಬಿನಲ್ಲಿರಲಿ.

ನಾಣ್ಯಪ್ರೇಮಿ
ಸರಿ, ತಿದ್ದಿಕೊಂಡೆ. 15 ವರ್ಷದೊಳಗಿನ ಮಕ್ಕಳಿಗೆ ಉಚಿತ ಅನ್ನೋದಾದರೂ ಸರಿ ತಾನೇ?

ಪೇಪರ್‌ದೊರೆ
ಅದು ಸರಿ. ಇನ್ನೊಂದು, ಚಾರ್ಮಿನಾರ್ ಹತ್ತಿರ ಸಂಜೆ ಜನ ಹೆಚ್ಚಾದಾಗ ಫೋನ್ ನೆಟ್‌ವರ್ಕ್ ಸಾಯುತ್ತೆ. ಕ್ಯೂಆರ್ ಸ್ಕ್ಯಾನ್ ಮಾಡಿ ಟಿಕೆಟ್ ತಗೊಳ್ಳೋಕೆ ಹೋದರೆ ಚಕ್ರ ತಿರುಗ್ತಾ ಕೂರುತ್ತೆ. ಹಿಂದಿನ ರಾತ್ರಿ ಹೋಟೆಲಿನಲ್ಲೇ ತಗೊಂಡು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಮೆಟ್ರೊಮಂಜ
ಈಗ ಶನಿವಾರ. ಸಾಮಾನು ಮೊದಲು ಬಗೆಹರಿಸಿ. ಎರಡು ದಾರಿ ಇದೆ.

ಒಂದು: ಬೆಳಗ್ಗೆ 8ಕ್ಕೆ ಹೋಟೆಲ್ ಬಿಟ್ಟು ಸಾಮಾನು ಸಮೇತ ಕ್ಯಾಬ್‌ನಲ್ಲಿ ನೇರ ಕಾಚಿಗೂಡ, ಅಲ್ಲಿನ ಕ್ಲೋಕ್ ರೂಮಿನಲ್ಲಿ ಇಟ್ಟು ಆಟೊ ಹಿಡಿದು ಸಾಲಾರ್ ಜಂಗ್.

ಎರಡು: ಸಾಮಾನು ಹೋಟೆಲಿನಲ್ಲೇ ಬಿಟ್ಟು ಮೆಟ್ರೊದಲ್ಲಿ ಬಂದು, ಸಂಜೆ ವಾಪಸ್ ಹೋಗಿ ತರೋದು. ಎರಡನೇದನ್ನ ಮಾಡಬೇಡಿ. ಸಂಜೆ 4.30ಕ್ಕೆ ಹಳೇ ಊರಿಂದ ಮಾದಾಪುರ, ಅಲ್ಲಿಂದ ಮತ್ತೆ ಕಾಚಿಗೂಡ ಅಂದ್ರೆ ರೈಲು ತಪ್ಪಿತು ಅಂತಲೇ ಲೆಕ್ಕ.

ಸಾಮಾನಿಲ್ಲದವರಿಗೆ ಮೆಟ್ರೊ ಬೆಸ್ಟ್. ಹೈಟೆಕ್ ಸಿಟಿ ಸ್ಟೇಷನ್ನಿನವರೆಗೆ ಆಟೊ, ನೀಲಿ ಮಾರ್ಗದಲ್ಲಿ ನಾಗೋಲ್ ಕಡೆಗೆ ಹೋಗೋ ರೈಲು, ಅಮೀರ್‌ಪೇಟೆಯಲ್ಲಿ ಇಳಿದು ಅಂತಸ್ತು ಬದಲಿಸಿ ಕೆಂಪು ಮಾರ್ಗದಲ್ಲಿ ಎಲ್.ಬಿ. ನಗರ ಕಡೆಗೆ. ಅಮೀರ್‌ಪೇಟೆಯಿಂದ ಒಂಬತ್ತನೇ ಸ್ಟೇಷನ್ ಎಂಜಿಬಿಎಸ್. ಅಲ್ಲಿಂದ ಮೂಸಿ ಹೊಳೆ ದಾಟಿದರೆ ಸಾಲಾರ್ ಜಂಗ್, ಬಿಸಿಲಿದ್ದರೆ ಆಟೊ. ಅಮೀರ್‌ಪೇಟೆಯಲ್ಲಿ ಮಿಯಾಪುರ ಕಡೆಯ ರೈಲು ಹತ್ತಿ ಉಲ್ಟಾ ಹೋಗೋರು ದಿನಾ ಇರ್ತಾರೆ, ಬೋರ್ಡ್ ನೋಡಿ ಹತ್ತಿ.

ತುಂಗಾತೀರ
ಮೊದಲನೇ ದಾರಿಯೇ ಸರಿ. ಹಾಗಾದರೆ ಮೊದಲು ಚಾರ್ಮಿನಾರ್ ಆಮೇಲೆ ಮ್ಯೂಸಿಯಂ, ಅಥವಾ ಉಲ್ಟಾ?

ಕಲ್ಲುಹೂವು
ಮೊದಲು ಚಾರ್ಮಿನಾರ್. 9.30ಕ್ಕೆ ತೆರೆಯುತ್ತೆ, ಆಗ ಜನ ಕಡಿಮೆ. ಶನಿವಾರ ಸಂಜೆ ಕಾಲಿಡೋಕಾಗಲ್ಲ.

ಚಾರ್‌ಕಮಾನ್
ನಾನು ಒಪ್ಪಲ್ಲ. ಮ್ಯೂಸಿಯಂ ಮೊದಲು. ಶನಿವಾರ ಹನ್ನೊಂದರ ಮೇಲೆ ಶಾಲೆ ಮಕ್ಕಳ ಬಸ್ಸುಗಳು ಬರೋಕೆ ಶುರು. 10ಕ್ಕೆ ಬಾಗಿಲು ತೆಗೆಯೋ ಹೊತ್ತಿಗೇ ಒಳಗಿರಬೇಕು. ಅದೂ ಅಲ್ಲದೆ ಗಡಿಯಾರ ನೋಡೋಕೆ 12 ಗಂಟೆಗೆ ಅಲ್ಲೇ ಇರಬೇಕಲ್ಲ.

ಗೋಲಿಬಜೆ
ಯಾವ ಗಡಿಯಾರ?

ಚಾರ್‌ಕಮಾನ್
ಕಲ್ಕತ್ತದ ಕುಕ್ ಅಂಡ್ ಕೆಲ್ವಿ ಕಂಪನಿಯಿಂದ ಬಂದ ಸಂಗೀತ ಗಡಿಯಾರ. ಗಂಟೆ ಆಗೋ ಹೊತ್ತಿಗೆ ಒಬ್ಬ ಗಡ್ಡದ ಪುಟಾಣಿ ಮನುಷ್ಯ ಬಾಗಿಲು ತೆಗೆದುಕೊಂಡು ಹೊರಗೆ ಬಂದು ಎಷ್ಟು ಗಂಟೆಯೋ ಅಷ್ಟು ಏಟು ಹೊಡೆದು ಒಳಗೆ ಹೋಗ್ತಾನೆ. ಪಕ್ಕದಲ್ಲಿ ಕಮ್ಮಾರನೊಬ್ಬ ಸೆಕೆಂಡಿಗೊಂದು ಸುತ್ತಿಗೆ ಏಟು ಹಾಕ್ತಾ ಇರ್ತಾನೆ. 12ಕ್ಕೆ ಹನ್ನೆರಡು ಏಟು, ಅದಕ್ಕೇ ಆ ಹೊತ್ತಿಗೆ ಜಾತ್ರೆ. ಮುಂದಿನ ಸಾಲು ಬೇಕಾದರೆ 11.40ಕ್ಕೇ ಕೂರಬೇಕು. ಜನ ಬೇಡ ಅನ್ನೋರು 11ಕ್ಕೆ ನೋಡಿ, ಒಂದು ಏಟು ಕಡಿಮೆ, ಅರ್ಧಕ್ಕರ್ಧ ಜನ ಕಡಿಮೆ.

ಕಲ್ಲುಹೂವು
11ರ ಸಲಹೆ ಚೆನ್ನಾಗಿದೆ. ಸರಿ, ನನ್ನ ಮಾತು ಹಿಂತೆಗೆದುಕೊಂಡೆ, ಮ್ಯೂಸಿಯಂ ಮೊದಲು. ಆದರೆ ಒಳಗೆ ಹೇಗೆ ನೋಡಬೇಕು ಅನ್ನೋದು ಅದಕ್ಕಿಂತ ಮುಖ್ಯ. ಮೂರು ಕಟ್ಟಡ: ನಡುವಿನದ್ದು ಭಾರತೀಯ, ಒಂದು ಪಕ್ಕ ಪಾಶ್ಚಾತ್ಯ, ಇನ್ನೊಂದು ಪಕ್ಕ ಪೌರ್ವಾತ್ಯ. ಪಿಂಗಾಣಿ, ಗಾಜು, ಫ್ರೆಂಚ್ ಮೇಜು ಕುರ್ಚಿ ಅಂತ ಪಾಶ್ಚಾತ್ಯ ವಿಭಾಗದಲ್ಲಿ ಸಿಕ್ಕಿಹಾಕಿಕೊಂಡು ಎರಡು ಗಂಟೆ ಕಳೆದು, ಇರೋದರಲ್ಲೇ ಒಳ್ಳೇ ಭಾಗವಾದ ಭಾರತೀಯ ಕೋಣೆಗಳನ್ನ ಓಡಿಕೊಂಡು ನೋಡೋರೇ ಹೆಚ್ಚು. ಎಲ್ಲ ನೋಡ್ತೀನಿ ಅನ್ನೋ ಹಠ ಬಿಡಿ.

ಎರಡೂವರೆ ಗಂಟೆಗೆ ನನ್ನ ಆಯ್ಕೆ: ಮುಸುಕಿನ ರೆಬೆಕಾ (ಬೆಂಜೋನಿ ಕೆತ್ತಿದ್ದು, ಒಂದೇ ಅಮೃತಶಿಲೆಯಲ್ಲಿ ಮುಖವೂ ಅದರ ಮೇಲಿನ ತೆಳು ಮುಸುಕೂ), ಫೌಸ್ಟ್ ನಾಟಕದ ಪಾತ್ರಗಳಾದ ಮೆಫಿಸ್ಟೊಫಿಲಿಸ್-ಮಾರ್ಗರೆಟಾ ಜೋಡಿ ಮರದ ಪ್ರತಿಮೆ, ಪಚ್ಚೆಕಲ್ಲಿನ ಕೋಣೆಯಲ್ಲಿ ಜಹಾಂಗೀರನ ಬಾಕು, ನೂರ್‌ಜಹಾನಳ ಹಣ್ಣಿನ ಚಾಕು, ದಂತದ ಕೋಣೆ, ಬಿದರಿ, ಕೊನೆಗೆ ಹಸ್ತಪ್ರತಿಗಳು. ಆ ಜೋಡಿ ಪ್ರತಿಮೆಯ ಹಿಂದೆ ಕನ್ನಡಿ ಇಟ್ಟಿದ್ದಾರೆ. ಎದುರಿಗೆ ಅವನು, ಕನ್ನಡಿಯಲ್ಲಿ ಅವಳು. ಸ್ವಲ್ಪ ಓರೆಯಾಗಿ ನಿಂತರೆ ಎರಡೂ ಒಟ್ಟಿಗೆ ಕಾಣುತ್ತೆ, ನೇರ ನಿಂತರೆ ಕನ್ನಡಿಯಲ್ಲಿ ನಿಮ್ಮ ತಲೆಯೇ ಅಡ್ಡ.

ಪೇಪರ್‌ದೊರೆ
ದಂತದ ಕೋಣೆಯಲ್ಲಿ ಟಿಪ್ಪುವಿನ ಕುರ್ಚಿಗಳಿವೆಯಲ್ಲ, ಫ್ರಾನ್ಸಿನ 16ನೇ ಲೂಯಿ ಕಳಿಸಿದ್ದು ಅಂತ ಹೇಳ್ತಾರೆ. ಶ್ರೀರಂಗಪಟ್ಟಣದ ವಸ್ತುಗಳು ಎಲ್ಲೆಲ್ಲಿ ಚದುರಿವೆ ನೋಡಿ.

ನಾಣ್ಯಪ್ರೇಮಿ
ಇಷ್ಟನ್ನೂ ಒಬ್ಬನೇ ಮನುಷ್ಯ ಕೂಡಿಹಾಕಿದ ಅನ್ನೋದೇ ಆಶ್ಚರ್ಯ.

ಚಾರ್‌ಕಮಾನ್
ಒಬ್ಬರೇ ಅಲ್ಲ. ಹೆಚ್ಚಿನದ್ದು ನಿಜಾಮರ ಪ್ರಧಾನಿಯಾಗಿದ್ದ ಮೂರನೇ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರದ್ದು, ನಿಜ. ಆದರೆ ರೆಬೆಕಾಳನ್ನ 1876ರಲ್ಲಿ ರೋಮ್‌ನಿಂದ ತಂದದ್ದು ಅವರ ತಾತ, ಮೊದಲನೇ ಸಾಲಾರ್ ಜಂಗ್. ಯೂಸುಫ್ ಅಲಿ ಖಾನ್ ಮದುವೆಯಾಗದೆ 1949ರಲ್ಲಿ ತೀರಿಕೊಂಡರು, ವಾರಸುದಾರರಿಲ್ಲ. 1951ರಲ್ಲಿ ಅವರ ದಿವಾನ್ ದೇವಡಿ ಅರಮನೆಯಲ್ಲೇ ನೆಹರೂ ಅವರು ಈ ಮ್ಯೂಸಿಯಂ ತೆರೆದರು. ಈಗಿನ ಕಟ್ಟಡಕ್ಕೆ ಬಂದದ್ದು 1968ರಲ್ಲಿ.

ಬೀದರಿನವ
ಬಿದರಿ ಕೋಣಿಗೆ ಹೋದ್ರ ಸುಮ್ಮ "ಕಪ್ಪು ಪಾತ್ರೆ, ಬೆಳ್ಳಿ ಹೂ" ಅಂತ ದಾಟಿ ಹೋಗಬ್ಯಾಡ್ರಿ. ನಾಕು ನಮೂನಿ ಕೆಲಸ ಐತಿ, ಹುಕ್ಕಾದ ಬುಡಗೋಳ ಮ್ಯಾಲೆ ಹುಡುಕ್ರಿ. ತಾರ್‌ಕಶಿ ಅಂದ್ರ ಬೆಳ್ಳಿ ತಂತಿ ಕೂಡಿಸಿದ್ದು. ತೆಹ್‌ನಿಶಾನ್ ಅಂದ್ರ ತಗಡು ಕೆತ್ತಿ ಮೈಗೆ ಸಮಾ ಕೂಡಿಸಿದ್ದು. ಜರ್‌ನಿಶಾನ್ ಸ್ವಲ್ಪ ಉಬ್ಬಿರ್ತದ. ಆಫ್ತಾಬಿ ಅಂದ್ರ ಉಲ್ಟಾ, ಇಡೀ ಮೈ ಬೆಳ್ಳಿ, ಅದರಾಗ ಹೂವಿನ ಆಕಾರ ಕತ್ತರಿಸಿ ತಳದ ಕಪ್ಪು ಕಾಣೂಹಂಗ ಮಾಡಿದ್ದು. ಆಫ್ತಾಬಿ ತುಣುಕು ಸಿಕ್ರ ಅಲ್ಲೇ ಹತ್ತು ನಿಮಿಷ ನಿಲ್ರಿ.

ಲೋಹ ಹೆಚ್ಚಿನಂಶ ಸತುವು, ತುಸು ತಾಮ್ರ. ಕಪ್ಪು ಬರೋದು ಬಣ್ಣದಿಂದಲ್ಲ. ಬೀದರ್ ಕೋಟೆಯೊಳಗ ಮಳಿ ಬಿಸಿಲು ತಾಗದ ಜಾಗದ ಹಳೇ ಮಣ್ಣು ಐತಿ, ಅದರಾಗ ಉಪ್ಪಿನಂಶ. ಅದನ್ನ ನವಸಾಗರ ಕೂಡಿ ನೀರಾಗ ಕುದಿಸಿ ಪಾತ್ರಿ ಅದ್ದಿದ್ರ ಸತುವು ಕಪ್ಪಾಗ್ತದ, ಬೆಳ್ಳಿ ಹಂಗೇ ಹೊಳೀತದ. ಲಾಡ್ ಬಜಾರಿನಾಗ "ಬಿದರಿ" ಅಂತ ಮಾರೂದ್ರಾಗ ಬರೇ ಕಪ್ಪು ಬಣ್ಣ ಬಳದದ್ದೂ ಇರ್ತದ. ತಳ ತಿರುವಿ ನೋಡ್ರಿ, ಉಗುರಿಗೆ ಬಣ್ಣ ಎದ್ದು ಬಂದ್ರ ಅದು ಬಿದರಿ ಅಲ್ಲ.

ತುಂಗಾತೀರ
ಇದೊಂದಕ್ಕೇ ಈ ಚರ್ಚೆ ಶುರು ಮಾಡಿದ್ದು ಸಾರ್ಥಕ ಆಯ್ತು ಸರ್. ಬ್ಯಾಗ್ ವಿಷಯ ಹೇಳಿ, ಕಾನ್ಫರೆನ್ಸ್ ಕಿಟ್ ಬ್ಯಾಗ್, ಲ್ಯಾಪ್‌ಟಾಪ್, ಪೋಸ್ಟರ್ ಸುತ್ತಿದ ಕೊಳವೆ ಎಲ್ಲ ಇರುತ್ತೆ.

ಹೈದ್ರಾಬಾದಿ_ಕನ್ನಡಿಗ
ಸಾಲಾರ್ ಜಂಗ್‌ನಲ್ಲಿ ಬ್ಯಾಗ್ ಹೊರಗಿನ ಕೌಂಟರ್‌ನಲ್ಲಿ ಇಡಬೇಕು. ಲ್ಯಾಪ್‌ಟಾಪನ್ನ ಅಲ್ಲಿ ಬಿಡೋ ಧೈರ್ಯ ಬೇಡ ಅನ್ನಿಸಿದರೆ ತರಲೇಬೇಡಿ. ಕೊಳವೆಯಂತೂ ಗೇಟಿನಲ್ಲಿ ಪ್ರತಿಸಲ ಬಿಚ್ಚಿ ತೋರಿಸಬೇಕು, ಮೂರು ಜಾಗ ಅಂದ್ರೆ ಮೂರು ಸಲ. ಪೋಸ್ಟರ್ ಕೆಲಸ ಮುಗಿದಿದ್ದರೆ ಶುಕ್ರವಾರವೇ ಕೊರಿಯರ್ ಮಾಡಿ. ಮೊಣಕಾಲಿನವರಿಗೆ ವ್ಹೀಲ್‌ಚೇರ್ ಕೇಳಿ, ಸಂಕೋಚ ಬೇಡ. ಆ ಮ್ಯೂಸಿಯಂನಲ್ಲಿ ಆರೋಗ್ಯವಂತರ ಕಾಲೇ ಸೋಲುತ್ತೆ.

ಗೋಲಿಬಜೆ
ಊಟ? ಬಿರಿಯಾನಿ ಬಗ್ಗೆ ಒಬ್ಬರೂ ಮಾತಾಡಿಲ್ಲ, ಇದು ಹೈದರಾಬಾದ್ ಚರ್ಚೆ ಹೌದೋ ಅಲ್ವೋ?

ಕಲ್ಲುಹೂವು
ಬಿರಿಯಾನಿ ಜಗಳಕ್ಕೆ ಬೇರೆ ಚರ್ಚೆ ತೆಗೀರಿ, ದಯವಿಟ್ಟು. ಇಷ್ಟು ಹೇಳ್ತೀನಿ, ಮಧ್ಯಾಹ್ನ ಭರ್ತಿ ಬಿರಿಯಾನಿ ತಿಂದು ಚಾರ್ಮಿನಾರ್ ಮೆಟ್ಟಿಲು ಹತ್ತಬೇಡಿ. ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ಚಾರ್ಮಿನಾರ್ ಬುಡದಲ್ಲೇ ಸಿಗುತ್ತೆ.

ಮೆಟ್ರೊಮಂಜ
ಚಾರ್ಮಿನಾರ್ ಮೇಲೆ ತುದಿಯವರೆಗೆ ಬಿಡ್ತಾರಾ ಈಗ?

ಚಾರ್‌ಕಮಾನ್
ಮೊದಲ ಅಂತಸ್ತಿನವರೆಗೆ ಮಾತ್ರ. ಪೂರ್ತಿ 149 ಮೆಟ್ಟಿಲು ಇದೆ, ಮೇಲಿನ ಮಸೀದಿಗೂ ಮಿನಾರ್ ತುದಿಗೂ ಸಾರ್ವಜನಿಕರಿಗೆ ಪ್ರವೇಶ ಇಲ್ಲ. ಸುರುಳಿ ಮೆಟ್ಟಿಲು ಇಕ್ಕಟ್ಟು, ಕತ್ತಲೆ, ಒಂದೊಂದೂ ಎತ್ತರ. ಮೊಣಕಾಲಿನವರು ಕೆಳಗೆ ಕೂತು ಚಹಾ ಕುಡೀಲಿ. 2019ರಲ್ಲಿ ಒಂದು ಮಿನಾರ್‌ನಿಂದ ಗಾರೆಯ ತುಂಡು ಕಳಚಿ ಬಿದ್ದಿತ್ತು, ದುರಸ್ತಿಗೆ ಸಾರುವೆ ಕಟ್ಟಿದ್ದರೆ ಬೇಸರ ಮಾಡ್ಕೊಬೇಡಿ.

ಕಟ್ಟಿದ್ದು 1591ರಲ್ಲಿ. ಪ್ಲೇಗ್ ನಿಂತಿದ್ದಕ್ಕೆ ಕಟ್ಟಿದರು ಅನ್ನೋದು ಜನಪ್ರಿಯ ಕಥೆ. ಹಿಜರಿ ಸಾವಿರನೇ ವರ್ಷದ ಗುರುತಾಗಿ, ಹೊಸ ಊರಿನ ನಡುಬಿಂದುವಾಗಿ ಕಟ್ಟಿದರು ಅನ್ನೋದು ಇನ್ನೊಂದು ವಾದ, ನನಗೆ ಅದೇ ಸರಿ ಕಾಣುತ್ತೆ. ನಾಲ್ಕೂ ಕಡೆಯ ಗಡಿಯಾರಗಳು ಮಾತ್ರ ಆಗಿನವಲ್ಲ, 1889ರವು. ಪಕ್ಕದ ಮಕ್ಕಾ ಮಸೀದಿಗೆ ಶನಿವಾರ ಹೋಗೋದರಿಂದ ಶುಕ್ರವಾರದ ನಮಾಜಿನ ಜನಸಂದಣಿ ಇರಲ್ಲ. ಚಡ್ಡಿ ಹಾಕಿದವರನ್ನ ಒಳಗೆ ಬಿಡಲ್ಲ. ಅಂಗಳದಲ್ಲಿ ಆಸಫ್ ಜಾಹಿ ನಿಜಾಮರ ಗೋರಿಗಳ ಸಾಲಿದೆ, ಹೆಚ್ಚಿನವರು ನೋಡದೆ ಬರ್ತಾರೆ.

ವಜ್ರಮುನಿ_ಅಲ್ಲ
ಫಲಕ್‌ನುಮಾ ಅರಮನೆ?

ಚಾರ್‌ಕಮಾನ್
ಅದೀಗ ಪಂಚತಾರಾ ಹೋಟೆಲ್. ಗೇಟಿನಲ್ಲಿ ಟಿಕೆಟ್ ಕೊಂಡು ಸುಮ್ಮನೆ ಒಳಗೆ ನುಗ್ಗೋ ಜಾಗ ಅಲ್ಲ. ಅರಮನೆಯ ಆಸೆ ಚೌಮಹಲ್ಲಾದಲ್ಲೇ ತೀರಿಸಿಕೊಳ್ಳಿ. ದರ್ಬಾರ್ ಹಾಲ್‌ನಲ್ಲಿ ಬೆಲ್ಜಿಯಂ ಸ್ಫಟಿಕದ 19 ತೂಗುದೀಪ, ಹಿಂದಿನ ಅಂಗಳದಲ್ಲಿ ಹಳದಿ ರೋಲ್ಸ್ ರಾಯ್ಸ್. ಚಾರ್ಮಿನಾರ್‌ನಿಂದ ಲಾಡ್ ಬಜಾರ್ ಒಳಗಿಂದ ನಡೆದೇ ಹೋಗಬಹುದು.

ಪೇಪರ್‌ದೊರೆ
ಸ್ವಲ್ಪ ದಾರಿ ತಪ್ಪಿಸ್ತೀನಿ. ಮೂಸಿ ದಾಟುವಾಗ ಒಂದು ನಿಮಿಷ ನಿಲ್ಲಿ. 1908ರ ಸೆಪ್ಟೆಂಬರ್ 28ರ ಪ್ರವಾಹದಲ್ಲಿ ಈ ಹೊಳೆ ಸಾವಿರಾರು ಜನರನ್ನ ಕೊಚ್ಚಿಕೊಂಡು ಹೋಯಿತು. ಅಫ್ಜಲ್‌ಗಂಜ್‌ನ ಉಸ್ಮಾನಿಯಾ ಆಸ್ಪತ್ರೆ ಆವರಣದ ಹುಣಸೆಮರ ಹತ್ತಿ ಸುಮಾರು 150 ಜನ ಬದುಕಿದರಂತೆ, ಮರ ಈಗಲೂ ಇದೆ. ಆಮೇಲೆ ನಿಜಾಮ್ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನ. ಊರೊಳಗೆ ಬರೀ ತಡೆಗೋಡೆ ಕಟ್ಟಿದರೆ ಸಾಲದು, ಮೇಲ್ಗಡೆ ಮೂಸಿ ಮತ್ತು ಈಸಿ ಎರಡಕ್ಕೂ ಜಲಾಶಯ ಕಟ್ಟಿ ನೆರೆನೀರು ಹಿಡಿದಿಡಬೇಕು ಅಂತ ಅವರ ಸಲಹೆ. 1920ರ ಉಸ್ಮಾನ್ ಸಾಗರ, 1927ರ ಹಿಮಾಯತ್ ಸಾಗರ ಅದರ ಫಲ.

ನಾಣ್ಯಪ್ರೇಮಿ
ಕೆಆರ್‌ಎಸ್ ಅನುಭವ ಅಲ್ಲಿ ಕೆಲಸಕ್ಕೆ ಬಂತು ಅನ್ನಿ.

ಪೇಪರ್‌ದೊರೆ
ಉಲ್ಟಾ ಸರ್. ಹೈದರಾಬಾದಿನ ಕೆಲಸ ಮುಗಿಸಿ 1909ರ ಕೊನೆಗೆ ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದರು. ಕೆಆರ್‌ಎಸ್ ಕೆಲಸ ಶುರುವಾದದ್ದು 1911ರಲ್ಲಿ.

ತುಂಗಾತೀರ
ಕೊನೆಗೆ ಇಷ್ಟು ನಿಕ್ಕಿ ಮಾಡಿದೆ, ತಪ್ಪಿದ್ದರೆ ಹೇಳಿ:

ಗುರುವಾರ ಬೆಳಗ್ಗೆ ಗುಂಬಜ್‌ಗಳು (ಪೇಪರ್‌ದೊರೆ ಸರ್ ಕ್ಷಮಿಸಬೇಕು). ಶುಕ್ರವಾರ ಊಟ ಬೇಗ ಮುಗಿಸಿ 2ಕ್ಕೆ ಹೊರಟು ಗೋಲ್ಕೊಂಡ, ಆಮೇಲೆ ಅಲ್ಲೇ ಧ್ವನಿ-ಬೆಳಕಿನ ಪ್ರದರ್ಶನ. ಶನಿವಾರ 8ಕ್ಕೆ ಕ್ಯಾಬ್, ಕಾಚಿಗೂಡದಲ್ಲಿ ಸಾಮಾನು. 10ರಿಂದ 12.45 ಸಾಲಾರ್ ಜಂಗ್, ಗಡಿಯಾರ 11ಕ್ಕೆ. ಊಟ. 2ಕ್ಕೆ ಚೌಮಹಲ್ಲಾ, 3.30ಕ್ಕೆ ಮಕ್ಕಾ ಮಸೀದಿ, 4ಕ್ಕೆ ಚಾರ್ಮಿನಾರ್, 5.15ಕ್ಕೆ ಆಟೊ.

ಹೈದ್ರಾಬಾದಿ_ಕನ್ನಡಿಗ
ಚೆನ್ನಾಗಿದೆ. ಧ್ವನಿ-ಬೆಳಕಿನ ಪ್ರದರ್ಶನದ ಭಾಷೆ ಟಿಕೆಟ್ ತಗೊಳ್ಳುವಾಗ ಕೇಳಿ. ಸೊಳ್ಳೆ ಮುಲಾಮು ಹಚ್ಚಿಕೊಂಡೇ ಕೂರಿ, ತೆರೆದ ಬಯಲು.

ಮೆಟ್ರೊಮಂಜ
5.15ರ ಆಟೊ ಚಾರ್ಮಿನಾರ್ ಬುಡದಲ್ಲಿ ಸಿಗಲ್ಲ. ಸುತ್ತ ವಾಹನ ಬಿಡಲ್ಲ, ಗುಲ್ಜಾರ್ ಹೌಜ್ ದಾಟಿ ಮದೀನಾ ಸರ್ಕಲ್ ಕಡೆ ನಡೆದು ಬಂದು ಹಿಡೀಬೇಕು. 5ಕ್ಕೇ ಹೊರಡಿ.

ನಾಣ್ಯಪ್ರೇಮಿ
ಇನ್ನೊಂದು, ರೈಲ್ವೆ ಕ್ಲೋಕ್ ರೂಮಿನಲ್ಲಿ ಬೀಗ ಹಾಕದ ಬ್ಯಾಗ್ ತಗೊಳ್ಳಲ್ಲ. ಕಿಟ್ ಬ್ಯಾಗಿಗೆ ಬರೀ ಜಿಪ್ ಇರುತ್ತೆ, ಅದನ್ನ ಸೂಟ್‌ಕೇಸ್ ಒಳಗೆ ತುರುಕಿ. ರೈಲು ಟಿಕೆಟ್ಟೂ ತೋರಿಸಬೇಕು.

ತುಂಗಾತೀರ
ಎರಡು ಪುಟ್ಟ ಬೀಗ ಪಟ್ಟಿಗೆ ಸೇರಿಸಿದೆ. ಸಂಘಟಕರಿಗೂ ಬರೆದೆ, ಟೂರ್ ಪಟ್ಟಿಯಿಂದ ಸಾಲಾರ್ ಜಂಗ್ ತೆಗೆದು ಆ ಜಾಗಕ್ಕೆ ಚೌಮಹಲ್ಲಾ ಹಾಕಿದ್ದಾರೆ.

ಚಾರ್‌ಕಮಾನ್
ಅದಕ್ಕೂ ಶುಕ್ರವಾರ ರಜೆ ಅಂತ ಹೇಳಿದ್ನಲ್ಲ!